ರಫು ಮಾಡುವವನ ಮಗಳ ಹರಿದ ಜೀನ್ಸು

ನನಗಾಗ ಹದಿನೇಳು. ತೊಂಬತ್ತರ ದಶಕ ಅರ್ಧ ದಾಟಿತ್ತು, ಶಿಕಾರಿಪುರದ ನಮ್ಮ ಬೀದಿಗೆ ಕೇಬಲ್ ಬಂದಿತ್ತು, ನನ್ನ ತಲೆ ಕೆಟ್ಟಿತ್ತು. ಪಕ್ಕದ ಮನೆಯ ಟಿವಿಯಲ್ಲಿ ಒಬ್ಬಳು ಮಂಡಿ ಹರಿದ ಜೀನ್ಸು ಹಾಕಿಕೊಂಡು ಬೈಕಿಗೆ ಒರಗಿ ನಿಂತಿದ್ದಳು. ಯಾವ ದೇಶದವಳೋ, ಏನು ಹೇಳುತ್ತಿದ್ದಳೋ, ದೇವರಿಗೇ ಗೊತ್ತು. ಹರಿದ ಜಾಗದಲ್ಲಿ ಬಿಳಿ ಎಳೆಗಳು ಅಡ್ಡಡ್ಡ ಮಲಗಿದ್ದವು, ಅವುಗಳ ಸಂದಿಯಲ್ಲಿ ಮಂಡಿ ಅಷ್ಟಷ್ಟೇ ಕಾಣುತ್ತಿತ್ತು. ಅವತ್ತಿನಿಂದ ಊಟ ಮಾಡುವಾಗ, ಪಾಠ ಕೇಳುವಾಗ, ಬಚ್ಚಲಿಗೆ ಉರಿ ಹಾಕುವಾಗ ಕಣ್ಣ ಮುಂದೆ ಅದೇ ಮಂಡಿ.

ತಮಾಷೆ ಏನೆಂದರೆ, ನಮ್ಮಪ್ಪ ರಫು ಮಾಡುವವನು. ದಾವಣಗೆರೆಯ ಉಸ್ತಾದರೊಬ್ಬರ ಹತ್ತಿರ ಕಲಿತು ಬಂದು ಮನೆಯ ಜಗಲಿಯಲ್ಲೇ ಚಾಪೆ ಹಾಸಿ ಕೂತವನು. ಇಲಿ ಕಡಿದ ಕೋಟು, ಬೀಡಿ ಕಿಡಿ ಬಿದ್ದ ಪಂಚೆ, ಮೊಳೆಗೆ ಸಿಕ್ಕಿದ ರೇಷ್ಮೆ ಸೀರೆ, ಏನೇ ತನ್ನಿ, ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಕಿತ್ತು, ತೂತಿನ ಮೇಲೆ ಒಂದೊಂದಾಗಿ ನೇಯ್ದು ಮುಚ್ಚಿಬಿಡುತ್ತಿದ್ದ. ಎಲ್ಲಿ ಹರಿದಿತ್ತು ಅಂತ ಬಟ್ಟೆಯ ಯಜಮಾನನೇ ಹುಡುಕಬೇಕು. ಶಿರಾಳಕೊಪ್ಪದ ಅಂಗಡಿಯವರು, ಆನವಟ್ಟಿ ಕಡೆಯ ಜಮೀನುದಾರರು ಬಸ್ಸು ಹತ್ತಿ ಬಂದು ಬಟ್ಟೆ ಕೊಟ್ಟು ಹೋಗುತ್ತಿದ್ದರು. ಅಂಥವನ ಮಗಳು ನಾನು, ಗಟ್ಟಿಮುಟ್ಟಾಗಿರೋ ಬಟ್ಟೆ ಹರಿಯೋಕೆ ಹೊರಟಿದ್ದೆ.

ಆದರೆ ಅಪ್ಪನ ಕಣ್ಣಿಗೆ ಮಂಜು ಕವಿಯುತ್ತಿತ್ತು. ದಿನಾ ಕಾಲೇಜಿಗೆ ಹೋಗುವ ಮೊದಲು ನಾನು ಹನ್ನೆರಡು ಸೂಜಿಗೆ ಎಳೆ ಪೋಣಿಸಿ ಹಳೆ ದಿಂಬಿಗೆ ಚುಚ್ಚಿಡಬೇಕಿತ್ತು. ಯಾಕೆ ಅಂತ ಅಪ್ಪ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವವಳು ಅಮ್ಮ ಒಬ್ಬಳೇ. ಶಿರಾಳಕೊಪ್ಪದಲ್ಲಿ ಬರುವ ಭಾನುವಾರ ಕಣ್ಣಿನ ಶಿಬಿರ ಇತ್ತು. "ಹೋಗಿ ತೋರಿಸ್ಕೊಂಡು ಬಾ" ಅಂತ ಅವಳು, "ರಫು ಮಾಡೋನಿಗೆ ಕಣ್ಣಿಲ್ಲ ಅಂತ ಡಂಗುರ ಹೊಡಿಸ್ಲೇನು? ಆಮೇಲೆ ಯಾರು ಬಟ್ಟೆ ತರ್ತಾರೆ?" ಅಂತ ಇವನು. ಸೊರಬದ ಒಬ್ಬ ಹೆಂಗಸು ತನ್ನ ಮದುವೆಯ ಕೆಂಪು ಸೀರೆಯನ್ನು ಮಗಳ ಮದುವೆಗೆ ಸರಿಮಾಡಿಸಬೇಕು ಅಂತ ಎರಡು ಸಲ ಹೇಳಿಕಳಿಸಿದ್ದಳು. ಅಪ್ಪ ಎರಡು ಸಲವೂ "ನೋಡಾಣ" ಅಂದು ಜಾರಿಕೊಂಡಿದ್ದ.

ಜೀನ್ಸು ದಾವಣಗೆರೆಯ ಅತ್ತೆಯ ಮಗಳದ್ದು. ಅವಳು ದಪ್ಪಗಾದಳು, ನನ್ನ ಪುಣ್ಯ. ಕಡುನೀಲಿ, ತಗಡಿನಷ್ಟು ಬಿರುಸು. ಅದನ್ನು ಮೆತ್ತಗೆ ಮಾಡಲೆಂದೇ ಒಂದು ಮಧ್ಯಾಹ್ನ ಅಂಜನಾಪುರದ ನೀರಿನ ಚಾನಲ್ಲಿಗೆ ಹೋದೆ. ಗದ್ದೆಗೆ ನೀರು ಬಿಟ್ಟಿದ್ದರು. ಕಲ್ಲಿನ ಮೆಟ್ಟಿಲ ಮೇಲೆ ಕೂತು ಹಿಮ್ಮಡಿ ಉಜ್ಜುವ ಕಲ್ಲಿನಿಂದ ತಿಕ್ಕಿದ್ದೇ ತಿಕ್ಕಿದ್ದು. ನೀಲಿ ನೀರು ಕಾಲ್ಬೆರಳ ನಡುವೆ ಹಾದು ಹೋಗುತ್ತಿತ್ತು. ಈ ನೀಲಿ ಎಲ್ಲಿಗೆ ಹೋಗುತ್ತದೆ, ಯಾರ ಗದ್ದೆಗೆ ಹೋಗುತ್ತದೆ, ಈ ವರ್ಷ ಯಾರದ್ದಾದರೂ ಭತ್ತ ನೀಲಿಯಾಗಿ ಬಂದರೆ ಏನು ಗತಿ ಅಂತೆಲ್ಲ ಯೋಚಿಸುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಎಮ್ಮೆಯೊಂದು ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡಿತ್ತು. ನಾನೂ ಹಾಗೇ ಇದ್ದೆ ಅನ್ನಿ.

ಮನೆಗೆ ಬಂದು ಒಣಗಿಸಿ, ಮರುದಿನ ಎಡಗಾಲಿನ ಮಂಡಿಗೆ ಅಮ್ಮನ ಕತ್ತರಿಯಿಂದ ಸೀದಾ ಒಂದು ಗೀಟು ಎಳೆದೆ. ಅಯ್ಯೋ! ಬಾಯಿ ಬಿಟ್ಟುಕೊಂಡ ಗೋಣಿಚೀಲ. ಬಿಳಿ ಎಳೆಯೂ ಇಲ್ಲ, ಮಣ್ಣೂ ಇಲ್ಲ. ಸಿಟ್ಟು ಬಂದು ಜೀನ್ಸನ್ನು ಜಗಲಿಗೆ ಎಸೆದೆ. ಅದು ಹೋಗಿ ಬಿದ್ದದ್ದು ಅಪ್ಪನ ಮುಂದೆ.

ಬೈಯುತ್ತಾನೆ ಅಂದುಕೊಂಡೆ. ಅವನು ಸೀಳಿನ ಅಂಚನ್ನು ಬೆರಳಲ್ಲಿ ಸವರಿ ನಕ್ಕ.

"ಕತ್ತರಿ ಹಾಕಿದೀಯಲ್ಲೇ ಮಂಗ್ಯಾ. ಹರಿದಿರೋದು ಬೇರೆ, ಕತ್ತರಿಸಿರೋದು ಬೇರೆ. ಹೆಂಗಿರ್ಬೇಕಿತ್ತು ಹೇಳು."

ಹೇಳಿದೆ. ಬಿಳಿ ಎಳೆ ಉಳಿಯಬೇಕು, ನೀಲಿ ಹೋಗಬೇಕು, ಮಂಡಿ ಮೇಲೆ ಬಲೆ ಹಾಸಿದಂತೆ ಇರಬೇಕು. ಅಪ್ಪ ಸುಮ್ಮನೆ ಕೂತು ಕೇಳಿದ. ಆಮೇಲೆ, "ಬಲಗಡೇದು ನಾನು ಮಾಡ್ತೀನಿ. ಇದೊಂದು ಸರಿ ಬಂತು ಅಂದ್ರೆ ಆ ಸೊರಬದ ಸೀರೆ ತಗೊಂಡ್ಬಿಡ್ತೀನಿ. ಬರ್ಲಿಲ್ಲ ಅಂದ್ರೆ ನಿಮ್ಮಮ್ಮ ಹೇಳ್ದಂಗೆ ಶಿಬಿರಕ್ಕೆ ಹೋಗ್ತೀನಿ" ಅಂದ. ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಅಮ್ಮ ಕೇಳಿಸಿಕೊಂಡಿದ್ದಳು.

ಆ ಮಧ್ಯಾಹ್ನವನ್ನು ಈಗಲೂ ಆಗಾಗ ಕನಸಲ್ಲಿ ಕಾಣುತ್ತೇನೆ. ಬೀದಿಯಲ್ಲಿ ಒಬ್ಬರೂ ಇಲ್ಲ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ಚಾಪೆಯ ಮೇಲೆ ನಿಧಾನ ಸರಿಯುತ್ತಿದೆ. ಅಪ್ಪ ಬ್ಲೇಡಿನಿಂದ ಬಲಮಂಡಿಯ ಬಟ್ಟೆಗೆ ಎರಡು ಸಣ್ಣ ಗಾಯ ಮಾಡಿ, ನಡುವಿನಿಂದ ಸೂಜಿಯ ತುದಿಯಲ್ಲಿ ಎಳೆ ಎತ್ತಿ, ಎಳೆಯುತ್ತಿದ್ದಾನೆ. ಒಂದು, ಇನ್ನೊಂದು, ಮತ್ತೊಂದು. ಅವನ ಮುಖದಲ್ಲಿ ನಗು. "ಜೀವಮಾನ ಪೂರ್ತಿ ತೂತು ಮುಚ್ಚಿದೆ ಕಣೇ. ತೆಗೆಯೋದ್ರಲ್ಲೂ ಸುಖ ಐತೆ" ಅನ್ನುತ್ತಾನೆ. ನಾನು ಅವನ ತೋಳಿಗೆ ತಲೆ ಕೊಟ್ಟು ಅರ್ಧ ನಿದ್ದೆಯಲ್ಲಿದ್ದೇನೆ.

ಕಣ್ಣು ಬಿಟ್ಟು ನೋಡಿದರೆ, ಅವನ ತೊಡೆಯ ಮೇಲೆ ಬಿದ್ದ ಎಳೆಗಳೆಲ್ಲ ಬಿಳಿ.

ಜೀನ್ಸಿನಲ್ಲಿ ಉದ್ದ ಹೋಗುವ ಹಾಸು ನೀಲಿ, ಅಡ್ಡ ಬರುವ ಹೊಕ್ಕು ಬಿಳಿ. ಅಪ್ಪನ ಉಸ್ತಾದರ ಕಡೆಯ ರಫುವಿನವರು ಹಾಸು ಮುಟ್ಟುವುದಿಲ್ಲ. ಎಷ್ಟೇ ಎಳೆ ಬೇಕಾದರೂ ಹೊಕ್ಕಿನಿಂದಲೇ ಕೀಳುತ್ತಾರೆ, ಹಾಸು ಹೋದರೆ ಬಟ್ಟೆಯೇ ಹೋಯಿತು ಅನ್ನುತ್ತಾರೆ. ಅಪ್ಪನ ಕೈ ಅಷ್ಟು ವರ್ಷದ ರೂಢಿಯಲ್ಲಿ ಹೊಕ್ಕನ್ನೇ ಕಿತ್ತಿತ್ತು. ಕಣ್ಣು ಸರಿಯಿದ್ದವನಾದರೆ ಮೊದಲ ಎಳೆಗೇ ನಿಲ್ಲಿಸುತ್ತಿದ್ದ. ಮಂಡಿಯ ಮೇಲೆ ನೀಲಿ ಎಳೆಗಳು ಕಿಟಕಿ ಸರಳಿನಂತೆ ಉದ್ದುದ್ದ ನಿಂತಿದ್ದವು.

"ಹೆಂಗೈತೆ? ಬೆಳ್ಳಗೆ ಬಂತಾ?" ಅಂದ, ಅದನ್ನೇ ಸವರುತ್ತ.

"ಚೆನ್ನಾಗಿದೆ ಅಪ್ಪ" ಅಂದುಬಿಟ್ಟೆ.

ಯಾಕೆ ಅಂದೆ? ಅವನ ಮುಖ ನೋಡಿದ್ದರೆ ನೀವೂ ಅದನ್ನೇ ಅನ್ನುತ್ತಿದ್ದಿರಿ. ಆ ಸಂಜೆ ಎಡಮಂಡಿಗೆ ಪಿನ್ನು ಚುಚ್ಚಿಕೊಂಡು ಅದೇ ಜೀನ್ಸಿನಲ್ಲಿ ಕೆರೆ ಏರಿ ಮೇಲೆ ನಡೆದೆ. ನೀಲಿಯೋ ಬಿಳಿಯೋ, ಗಾಳಿಗೆ ಏನು ಗೊತ್ತು, ತಣ್ಣಗೆ ಮಂಡಿಯೊಳಗೆ ನುಗ್ಗುತ್ತಿತ್ತು. ಒಂದು ಗಳಿಗೆ ನಾನು ಯಾವ ಊರಲ್ಲಿದ್ದೇನೆ ಅನ್ನುವುದೂ ಮರೆತಿತ್ತು. ವಾಪಸು ಬರುವಾಗ ಮಾತ್ರ ಕಾಲು ಭಾರವಾಗಿತ್ತು.

ಅಪ್ಪ ಹೇಳಿಕಳಿಸಿದ್ದನಂತೆ, ಶುಕ್ರವಾರ ಸೊರಬದ ಹೆಂಗಸು ಬಂದಳು. ಬಿಳಿ ಪಂಚೆಯಲ್ಲಿ ಸುತ್ತಿದ ಸೀರೆ ಬಿಚ್ಚಿದಳು. ರಕ್ತಗೆಂಪು, ಹಸಿರು ಅಂಚು, ಸೆರಗಿನ ಹತ್ತಿರ ದೀಪ ತಾಗಿ ಸುಟ್ಟ ಅಂಗೈಯಗಲದ ತೂತು. "ನನ್ನ ಮಗಳು ಇದನ್ನೇ ಉಡ್ತೀನಿ ಅಂತ ಹಟ ಹಿಡಿದಾಳೆ ಮಾರಾಯ್ರೆ. ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಕಣ್ರೀ" ಅಂದಳು. ಅಪ್ಪ ಸೀರೆಯನ್ನು ಮಗುವಿನಂತೆ ಎತ್ತಿಕೊಂಡ. "ನೀವು ಧೈರ್ಯವಾಗಿ ಹೋಗ್ರಿ. ಮೊನ್ನೆ ತಾನೇ ಕೈ ಪರೀಕ್ಷೆ ಮಾಡ್ಕೊಂಡೀನಿ. ನನ್ನ ಮಗಳೇ ನೋಡಿ ಹೇಳಿದಾಳೆ."

ನನಗೆ ನೆಲ ಬಿರಿದು ನುಂಗಬಾರದೆ ಅನ್ನಿಸಿತು. ಅಮ್ಮ ಬಾಗಿಲ ಬಳಿ ನಿಂತು ನನ್ನನ್ನೇ ನೋಡಿದಳು.

ಶನಿವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಸೀರೆ ಹಾಸಿಕೊಂಡು ಕೂತ. ಬ್ಲೇಡು ಒಳಅಂಚಿಗೆ ಬಂತು. ಅಲ್ಲಿಂದ ಎಳೆ ಕಿತ್ತರೆ ಮತ್ತೆ ಕೂಡಿಸಲಾಗದು. ನಾನು ಪೋಣಿಸುತ್ತಿದ್ದ ಸೂಜಿ ಬಿಟ್ಟು ಅವನ ಕೈ ಹಿಡಿದೆ.

"ಅಪ್ಪ, ಬೇಡ. ನನ್ನ ಪ್ಯಾಂಟಲ್ಲಿ ನೀನು ಕಿತ್ತಿದ್ದು ಬಿಳಿ ಎಳೆ. ಉಳಿದಿರೋದು ನೀಲಿ. ನಾನು ಸುಳ್ಳು ಹೇಳ್ದೆ."

ಅವನು ಬ್ಲೇಡು ಕೆಳಗಿಟ್ಟ. ಬೀದಿಯಲ್ಲಿ ಹಾಲಿನವನ ಸೈಕಲ್ ಹೋಯಿತು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಂಗೆ ಬೇಜಾರಾಗುತ್ತೆ ಅಂತ."

"ನಂಗೆ ಬೇಜಾರಾಗುತ್ತೆ ಅಂತ ಆ ಹುಡುಗಿ ಮದ್ವೆ ಸೀರೆ ಹಾಳಾಗ್ಲಿ ಅಂದ್ಯಾ?"

ಜೋರಾಗಿ ಅಂದಿದ್ದರೆ ನಾನೂ ಜಗಳ ಆಡುತ್ತಿದ್ದೆ, ನನ್ನ ಬಾಯಿ ಸಣ್ಣದಲ್ಲ. ಅವನು ಮೆಲ್ಲಗೆ ಅಂದ. ನಾನು ಗೊಳೋ ಅಂತ ಅತ್ತೆ. ಅಪ್ಪ ಸೀರೆಯನ್ನು ಮಡಿಕೆ ಮೇಲೆ ಮಡಿಕೆ ಇಟ್ಟು, ಪಂಚೆಯಲ್ಲಿ ಸುತ್ತಿ, ಅಮ್ಮನನ್ನು ಕರೆದು ಕೊಟ್ಟ. "ಸೊರಬಕ್ಕೆ ಹೇಳಿಕಳ್ಸು. ಕಣ್ಣಿಗೆ ಪೊರೆ ಬಂದೈತೆ, ನನ್ನ ಕೈಲಿ ಆಗಲ್ಲ ಅನ್ನು. ಹಂಗೇ ಹೇಳು, ನೆವ ಹೇಳ್ಬೇಡ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಶಿರಾಳಕೊಪ್ಪಕ್ಕೆ ನೀನು ಬಾ. ಕೈ ಹಿಡ್ಕೋಬೇಡ, ಜನ ನೋಡ್ತಾರೆ. ಪಕ್ಕದಲ್ಲಿರು, ಸಾಕು" ಅಂದ.

ಭಾನುವಾರ ನಾನು ಪಕ್ಕದಲ್ಲೇ ನಡೆದೆ, ಒಂದು ಮೊಳ ಬಿಟ್ಟು. ದಾರಿಯಲ್ಲಿ ಸಿಕ್ಕವರಿಗೆಲ್ಲ ಅಪ್ಪ ತಲೆಯಾಡಿಸುತ್ತ ಬಂದ. ಬಸ್ಸು ಬಂದು ನಿಂತಿತು. ಅವನ ಕಾಲು ಮೆಟ್ಟಿಲನ್ನು ಹುಡುಕುತ್ತ ಗಾಳಿಯಲ್ಲಿ ಒಂದು ಗಳಿಗೆ ನಿಂತೇ ಇತ್ತು. ಹಿಂದೆ ಜನ ನೂಕುತ್ತಿದ್ದರು. ಅಪ್ಪ ತಿರುಗಿ ನೋಡದೆ, ಎಲ್ಲರ ಮುಂದೆ, ನನ್ನತ್ತ ಕೈ ಚಾಚಿದ.