ಎರಡನೇ ಹಗ್ಗಕ್ಕೊಂದು ಮೆಡೂಸಾ

ಬೀದಿಯವರೆಲ್ಲ ಅವಳನ್ನು ಕಂಚಮ್ಮ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಕೂತು ಕಂಚಿನ ರಕ್ಷೆಗಳನ್ನು ಎರಕ ಹೊಯ್ಯುವುದು ಅವಳ ಕಸುಬು. ಮೇಣದಲ್ಲಿ ಮುಖ ತಿದ್ದಿ, ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಸಿ, ಆ ಟೊಳ್ಳಿಗೆ ಕಾದ ಕಂಚು ಸುರಿಯುತ್ತಿದ್ದಳು. ಹೆಚ್ಚು ಖರ್ಚಾಗುತ್ತಿದ್ದದ್ದು ಮೆಡೂಸಾ ಎಂಬ ಹೆಂಗಸಿನ ಮುಖ. ತಲೆತುಂಬ ಕೂದಲಿನ ಬದಲು ಹಾವುಗಳು. ಅವಳನ್ನು ದಿಟ್ಟಿಸಿದವರು ಕಲ್ಲಾಗಿಬಿಡುತ್ತಿದ್ದರು ಎನ್ನುತ್ತದೆ ಗ್ರೀಕರ ಪುರಾಣ. ಕೆಡುಕು ಹೆದರಿ ಓಡಲಿ ಎಂದು ಹಿಂದಿನವರು ಆ ಮುಖವನ್ನು ಗುರಾಣಿಯ ಮೇಲೆ ಮೂಡಿಸಿಕೊಳ್ಳುತ್ತಿದ್ದರಂತೆ. ಕೊಳ್ಳಲು ಬಂದವರಿಗೆ ಕಂಚಮ್ಮ ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದಳು. ತಾನು ಅದನ್ನು ನಂಬುತ್ತೇನೋ ಇಲ್ಲವೋ ಎಂದು ಯೋಚಿಸುವ ಗೋಜಿಗೆ ಹೋಗಿರಲಿಲ್ಲ.

ಅವಳ ಅಕ್ಕನ ಮಗಳು ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸಕ್ಕೆ ಸೇರಿದಳು. ಅಕ್ಕ ಓಡಿಬಂದಳು.

"ಹಗ್ಗದಲ್ಲಿ ನೇತಾಡ್ತಾಳಂತೆ ಕಣೇ! ನೆನೆಸ್ಕೊಂಡ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ. ಏನಾದ್ರೂ ಮಾಡ್ಕೊಡು."

ಕಂಚಮ್ಮ ತನ್ನ ಕೈಯ ಜಾಣ್ಮೆಯನ್ನೆಲ್ಲ ಹಾಕಿ ಒಂದು ಮೆಡೂಸಾ ಮಾಡಿದಳು. ಹುಡುಗಿ ಅದನ್ನು ಕೊರಳಿಗೆ ಹಾಕಿಕೊಂಡು ಕನ್ನಡಿ ನೋಡಿ ನಕ್ಕಳು.

"ಚಿಕ್ಕಮ್ಮಾ, ಇಷ್ಟು ದಿನ ಮೇಲೆ ಹತ್ತಿದ್ರೆ ಕೈಕಾಲು ನಡುಗ್ತಿತ್ತು. ಇನ್ನು ನಡುಗಲ್ಲ ಬಿಡು. ಒಂದು ಕಿತ್ತೋದ್ರೆ ಇನ್ನೊಂದು ಇರ್ಲಿ ಅಂತ ಕಟ್ತಾರಲ್ಲ, ಆ ಎರಡನೇ ಹಗ್ಗಾನೂ ಬೇಡ, ಸುಮ್ನೆ ಕಾಲಿಗೆ ತೊಡಕು."

"ಹುಡುಗಾಟ ಆಡ್ಬೇಡ."

"ನಿನ್ನ ಹಾವಿನ ಹೆಂಗಸು ಇದ್ದಾಳಲ್ಲ, ನೋಡ್ಕೋತಾಳೆ!"

ಆ ಮಾತು ಕಂಚಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮೇಣ ತಿದ್ದಲು ಹೋದರೆ ಮೂಗು ಸೊಟ್ಟಗಾಯಿತು. ಮಣ್ಣು ಸರಿಯಾಗಿ ಒಣಗುವ ಮೊದಲೇ ಬೆಂಕಿಗಿಟ್ಟದ್ದರಿಂದ ಅಚ್ಚು ಸೀಳಿಹೋಯಿತು. ಅಕ್ಕನಿಗೆ ಹೇಳೋಣವೆಂದರೆ ಅವಳ ಜೀವ ಅಲ್ಲೇ ಹಾರಿಹೋದೀತು. ಕೊನೆಗೆ ಒಲೆ ಆರಿಸಿ, ಕೋಣೆಗೆ ಬೀಗ ಹಾಕಿ, ಹುಡುಗಿ ಕೆಲಸ ಮಾಡುವ ಕಟ್ಟಡದತ್ತ ದಾಪುಗಾಲು ಹಾಕಿದಳು.

ಕತ್ತೆತ್ತಿ ನೋಡಿದಳು. ಗಾಜಿನ ಗೋಡೆಯ ಮೇಲೆ ನಾಲ್ಕೈದು ಜನ ಜೇಡಗಳಂತೆ ಅಂಟಿಕೊಂಡಿದ್ದರು. ಎಲ್ಲರಿಗೂ ಎರಡೆರಡು ಹಗ್ಗ. ತುದಿಯಲ್ಲಿದ್ದವಳಿಗೆ ಮಾತ್ರ ಒಂದೇ. ಕೂಗಬೇಕೆಂದು ಬಾಯಿ ತೆರೆದವಳು ಕೈ ಅಡ್ಡ ಹಿಡಿದುಕೊಂಡಳು. ಕೂಗಿಗೆ ತಿರುಗಿ ಕಾಲು ಜಾರಿದರೆ? ಅಷ್ಟರಲ್ಲಿ ಗಾಳಿ ಬೀಸಿತು. ಹುಡುಗಿ ಗೋಡೆಯಿಂದ ದೂರ ತೂಗಿಹೋಗಿ ಮತ್ತೆ ಬಂದು ಬಡಿದುಕೊಂಡಳು. ಕಂಚಮ್ಮ ನಿಂತಲ್ಲೇ ಕಲ್ಲಾದಳು.

ಹುಡುಗಿ ಇಳಿದು ಬಂದಾಗ ಕಂಚಮ್ಮನ ಬಾಯಿಂದ ಬಂದದ್ದು ಸುಳ್ಳು.

"ಆ ರಕ್ಷೆ ಬಿಚ್ಕೊಡು. ಎರಕದಲ್ಲಿ ಬಿರುಕು ಬಿಟ್ಟಿದೆ. ಅದು ಹಾಳು ಮಾಲು."

ಹುಡುಗಿಯ ಮುಖ ಬಿಳಿಚಿಕೊಂಡಿತು. ಅದನ್ನು ಬಿಚ್ಚಿ ಚಿಕ್ಕಮ್ಮನ ಅಂಗೈಗೆ ಹಾಕಿದಳು. ಆ ಮಧ್ಯಾಹ್ನ ಅವಳು ಮತ್ತೆ ಮೇಲೆ ಹತ್ತಲಿಲ್ಲ.

ಸಂಜೆ ಅಕ್ಕ ಕೆಂಡವಾಗಿ ಬಂದಳು. "ಅವಳ ಧೈರ್ಯಾನೇ ಕಿತ್ಕೊಂಡ್ಯಲ್ಲೇ! ಮನೆಗೆ ಬಂದವಳೇ ಮಲಗಿಬಿಟ್ಟಿದ್ದಾಳೆ, ಏಳ್ತಿಲ್ಲ."

"ಒಂದೇ ಹಗ್ಗದಲ್ಲಿ ನೇತಾಡ್ತಿದ್ಲು ಅಕ್ಕಾ. ನನ್ನ ಕಂಚು ನಂಬ್ಕೊಂಡು."

ಅಕ್ಕ ತಲೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

ಕಂಚಮ್ಮ ಆ ಮೆಡೂಸಾವನ್ನು ಕರಗಿಸಿ, ಅದೇ ಕಂಚಿನಿಂದ ಇನ್ನೊಂದು ಮಾಡಿದಳು. ಇದನ್ನು ನೇತುಹಾಕುವ ಕೊಂಡಿ ಹೆಬ್ಬೆರಳು ತೂರುವಷ್ಟು ದೊಡ್ಡದು. ತಾನೇ ಅಕ್ಕನ ಮನೆಗೆ ಒಯ್ದಳು.

"ಇಷ್ಟು ದೊಡ್ಡ ಕೊಂಡಿ ಇಟ್ಕೊಂಡು ಕೊರಳಿಗೆ ಹೇಗೆ ಹಾಕ್ಕೊಳ್ಲಿ?" ಎಂದಳು ಹುಡುಗಿ.

"ಕೊರಳಿಗಲ್ಲ. ಎರಡನೇ ಹಗ್ಗಕ್ಕೆ ಕಟ್ಬೇಕು. ಆ ಹಗ್ಗ ಇಲ್ದಿದ್ರೆ ಈ ಹಾವಿನ ಹೆಂಗಸೂ ಇಲ್ಲ."

"ಮೊದಲಿನದ್ರಲ್ಲಿ ನಿಜವಾಗ್ಲೂ ಬಿರುಕಿತ್ತಾ?"

"ಇರ್ಲಿಲ್ಲ."

ಹುಡುಗಿ ಚಿಕ್ಕಮ್ಮನನ್ನು ದುರುಗುಟ್ಟಿ ನೋಡಿದಳು. ಆಮೇಲೆ ರಕ್ಷೆಯನ್ನು ಕಸಿದುಕೊಂಡು ತನ್ನ ಚೀಲಕ್ಕೆ ಹಾಕಿದಳು. ಮಾರನೆಯ ದಿನ ನಡುಗುತ್ತಲೇ ಮೇಲೆ ಹತ್ತಿದಳು, ಎರಡು ಹಗ್ಗ ಕಟ್ಟಿಕೊಂಡು. ಇಂದಿಗೂ ಹಾಗೆಯೇ ಹತ್ತುತ್ತಾಳೆ.

ಕಂಚಮ್ಮನ ಕಸುಬೂ ನಡೆದಿದೆ. ಆದರೆ ಕೊಳ್ಳಲು ಬಂದವರನ್ನು ಈಗ "ನಿಮ್ಮ ಕೆಲಸ ಏನು?" ಎಂದು ಮೊದಲು ಕೇಳುತ್ತಾಳೆ. ಉತ್ತರ ಕೇಳಿ, ರಕ್ಷೆ ಕೊಡಲು ಚಾಚಿದ ಕೈಯನ್ನು ಒಮ್ಮೊಮ್ಮೆ ಹಿಂದಕ್ಕೆಳೆದುಕೊಳ್ಳುತ್ತಾಳೆ.