ತಪ್ಪು ಹುಡುಕುವ ಅಜ್ಜಿ

ನನ್ನ ಅಕ್ಷರ ಕಾಗೆ ಕಾಲು, ಶಾಲೆ ಅರ್ಧಕ್ಕೆ ಬಿಟ್ಟವಳ ಮಾತೂ ಅಷ್ಟೇ, ದಯವಿಟ್ಟು ಮನ್ನಿಸಿ. ಮೋಕ್ಪೋ ಎಂಬ ಬಂದರು ಊರಿನ ಹಳೆಯ ಚಿತ್ರಮಂದಿರವೊಂದರಲ್ಲಿ ನಾನು ಟಿಕೆಟ್ ಹರಿಯುತ್ತೇನೆ. ಹಿಂದಿನ ಸೈನಿಕ ಆಡಳಿತದಲ್ಲಿ ಕಾಣೆಯಾದವರ ಬಗ್ಗೆ ಯಾವ ಥ್ರಿಲ್ಲರ್ ಬಂದರೂ ಒಕ್‌ಬುನ್ ಅಜ್ಜಿ ಬೇಯಿಸಿದ ಗೆಣಸು ಕಟ್ಟಿಕೊಂಡು ಮೊದಲ ಆಟಕ್ಕೇ ಬರುತ್ತಾರೆ. ತೆರೆಯ ಮೇಲೆ ಬಸ್ಸು ಕಂಡರೆ ಸಾಕು, "ಥೂ, ಆಗ ಬಾಗಿಲಲ್ಲಿ ಕಂಡಕ್ಟರ್ ಹುಡುಗಿ ನಿಂತಿರ್ತಿದ್ಲು, ಎಲ್ರೋ ಅವ್ಳು?" ಎನ್ನುತ್ತಾರೆ. "ಅಜ್ಜಿ, ಸಿನಿಮಾ ನೋಡೋಕೆ ಬಿಡಿ" ಎಂದು ಹಿಂದೆ ಕೂತವರು ಗೊಣಗಿದರೆ, "ಸುಳ್ಳು ನೋಡೋಕೆ ಎಷ್ಟು ಆತುರ ನೋಡು!" ಪೊಲೀಸರ ಟೋಪಿ, ಸಿಗರೇಟಿನ ಪೊಟ್ಟಣ, ಸೋಜು ಹೆಂಡದ ಬಾಟಲಿಯ ಚೀಟಿ, ಯಾವುದನ್ನೂ ಬಿಡುವುದಿಲ್ಲ. ಆಟ ಮುಗಿದ ಮೇಲೆ ತಪ್ಪುಗಳನ್ನೆಲ್ಲ ನನಗೆ ಒಪ್ಪಿಸಿ ನಗುತ್ತಾ ಮನೆಗೆ ಹೋಗುತ್ತಾರೆ. ಅವರ ಗಂಡನನ್ನು ಆ ಕಾಲದಲ್ಲೇ ಜೀಪಿನಲ್ಲಿ ಕರೆದೊಯ್ದರಂತೆ, ಆಮೇಲೆ ಸುದ್ದಿಯೇ ಇಲ್ಲ. ಸತ್ತ ದಿನ ಗೊತ್ತಿಲ್ಲವೆಂದು ಅಜ್ಜಿ ಇವತ್ತಿಗೂ ಅವರಿಗೆ ಎಡೆ ಇಟ್ಟಿಲ್ಲ. ಈ ಸಿನಿಮಾಗಳಲ್ಲಿ ಕಾಣೆಯಾದವನು ಕೊನೆಗೆ ಸತ್ತೇ ಹೋಗಿರುತ್ತಾನೆ. "ಕಂಡಕ್ಟರ್ ಹುಡುಗೀನೇ ಮರೆತವ್ರಿಗೆ, ಅವನು ಸತ್ತಿದ್ದು ಮಾತ್ರ ಹೇಗೆ ಗೊತ್ತಾಯ್ತು ಪುಟ್ಟೀ?" ಎಂದು ಒಮ್ಮೆ ಕೇಳಿದ್ದರು. ನಿನ್ನೆ ಬಂದ ಹೊಸ ಚಿತ್ರದಲ್ಲಿ ಅಜ್ಜಿಗೆ ಒಂದು ತಪ್ಪೂ ಸಿಗಲಿಲ್ಲ. ಹೊರಗೆ ಬಂದವರು ನನ್ನ ಕೈ ಹಿಡಿದು, "ಎಡೆಗೆ ಒಳ್ಳೆ ಮೀನು ತರಬೇಕೇನೋ" ಎಂದಷ್ಟೇ ಹೇಳಿದರು. ನಾಳೆ ನನಗೆ ರಜೆ. ಮೊದಲ ಆಟಕ್ಕೆ ಮುಂದಿನ ಸಾಲಿನಲ್ಲಿ ಕುಳಿತು, ಆ ಚಿತ್ರದಲ್ಲಿ ಒಂದಾದರೂ ತಪ್ಪು ಹುಡುಕುತ್ತೇನೆ.