ಹೊಟ್ಟೆ ತುಂಬದ ಕೌದಿ

ನಾನು ಚಿಕ್ಕವಳಿದ್ದಾಗ ಬನಹಟ್ಟಿಯ ನಮ್ಮ ಮನೆಯಲ್ಲಿ ಪೂರ್ತಿಯಾದ ಕೌದಿ ಒಂದೂ ಇರಲಿಲ್ಲ. ಊರ ತುಂಬ ಮಾತ್ರ ಅವ್ವ ಹೊಲಿದ ಕೌದಿಗಳೇ. ಹಳೆಯ ಸೀರೆ, ಧೋತರ, ಹರಿದ ಅಂಗಿಗಳ ಗಂಟು ಹೊತ್ತು ಜನ ನಮ್ಮ ಬಾಗಿಲಿಗೆ ಬರುತ್ತಿದ್ದರು. ಅವ್ವ ಅವನ್ನೆಲ್ಲ ಒಗೆದು, ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿದು ದಪ್ಪನೆಯ ಹೊದಿಕೆ ಮಾಡಿಕೊಡುತ್ತಿದ್ದಳು. ಮಂದಿಯ ಕೌದಿ ಹೇಳಿದ ದಿನಕ್ಕೆ ಮುಗಿಯುತ್ತಿತ್ತು. ನಮ್ಮವು ತಗಡಿನ ಟ್ರಂಕಿನಲ್ಲಿ ಅರ್ಧಂಬರ್ಧ ಉಳಿದಿರುತ್ತಿದ್ದವು. ಅಪ್ಪನಿಗೆಂದು ಹಿಡಿದದ್ದು ಅಂಚಿನ ಹೊಲಿಗೆಗೇ ನಿಂತಿತ್ತು. ನನ್ನ ತೊಟ್ಟಿಲಿಗೆಂದು ಶುರುಮಾಡಿದ್ದು ನಾನು ಶಾಲೆಗೆ ಹೋಗತೊಡಗಿದರೂ ಮುಗಿದಿರಲಿಲ್ಲ.

ಇವುಗಳಲ್ಲಿ ಮುಗಿಯುವ ಹತ್ತಿರಕ್ಕೆ ಬಂದದ್ದು ಒಂದೇ ಒಂದು, ದೊಡ್ಡ ಕೌದಿ. ಅದರ ಮೇಲ್ಪದರಕ್ಕೆ ಅವ್ವ ತನ್ನ ಮದುವೆಯ ಹಸಿರು ಸೀರೆಯನ್ನೇ ಹಾಕಿದ್ದಳು. ಮುಗಿಯದಿದ್ದರೂ ಚಳಿಗಾಲದಲ್ಲಿ ಅದನ್ನೇ ಹೊದ್ದು ನಾವು ಮೂವರು ಮಲಗುತ್ತಿದ್ದೆವು. ಒಂದು ಬದಿಗೆ ಅವ್ವ, ಒಂದು ಬದಿಗೆ ಅಕ್ಕ, ನಡುವೆ ನಾನು. ಹೊಲಿಯದೆ ಬಿಟ್ಟ ಕಡೆ ಪದರಗಳು ಸಡಿಲವಾಗಿ ಜಾರುತ್ತಿದ್ದವು. ಬೆಳಿಗ್ಗೆ ಎದ್ದಾಗ ನನ್ನ ಕೈ ಎರಡು ಸೀರೆಗಳ ನಡುವೆ ಸಿಕ್ಕಿರುತ್ತಿತ್ತು. ಅದಕ್ಕೆ ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಇತ್ತು, ಅವ್ವನ ತಲೆಯ ಎಣ್ಣೆಯ ವಾಸನೆಯೂ ಇತ್ತು.

ಆಮೇಲೆ ಅವ್ವ ತೀರಿಕೊಂಡಳು. ಕೌದಿ ಹಾಗೇ ಉಳಿಯಿತು.

ಅಪ್ಪ ಬೇರೆಯವರ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದ. ಅವನ ಮೀಸೆ, ಹುಬ್ಬುಗಳ ಮೇಲೆ ನೂಲಿನ ಧೂಳು ಬೆಳ್ಳಗೆ ಕೂತಿರುತ್ತಿತ್ತು. ದಿನವಿಡೀ ಮಗ್ಗದ ಸದ್ದಿನಲ್ಲಿ ಇರುತ್ತಿದ್ದುದಕ್ಕೋ ಏನೋ, ಮನೆಗೆ ಬಂದ ಮೇಲೆ ಅವನಿಗೆ ಮಾತೇ ಬೇಕಿರಲಿಲ್ಲ. ಹೀಗಾಗಿ ಅಡುಗೆ, ನೀರು, ನನ್ನ ಜಡೆ, ನನ್ನ ಊಟ, ಎಲ್ಲಕ್ಕೂ ಅಕ್ಕನೇ. ರಾತ್ರಿ ಆ ಕೌದಿಯಡಿ ನಾವಿಬ್ಬರೇ ಉಳಿದಿದ್ದೆವು. ಅವ್ವ ಮಲಗುತ್ತಿದ್ದ ಬದಿಯನ್ನು ನಾವಿಬ್ಬರೂ ಎಳೆದುಕೊಳ್ಳುತ್ತಿರಲಿಲ್ಲ. ಅದು ಹಾಸಿಗೆಯ ಆಚೆ ಸುಮ್ಮನೆ ಚೆಲ್ಲಿಕೊಂಡು ಬಿದ್ದಿರುತ್ತಿತ್ತು.

ಮರುವರ್ಷ ಅಕ್ಕನ ಮದುವೆಯಾಯಿತು. ಮದುವೆಯಾಗಿ ಕೆಲವು ದಿನಗಳಾದ ಮೇಲೆ ಅವಳನ್ನು ಕರೆದೊಯ್ಯಲು ಮುಧೋಳದಿಂದ ಭಾವ ಬರುವುದೆಂದಾಯಿತು. ನಾನು ನಿಮಗೆ ಹೇಳಹೊರಟಿರುವುದು ಆ ದಿನದ ಮಾತು.

ಬೆಳಿಗ್ಗೆಯೇ ಹುನ್ನೂರಿನಿಂದ ದೊಡ್ಡವ್ವ ಬಂದಳು. ಅವಳು ಅವ್ವನ ಅಕ್ಕ. ಚಪ್ಪಲಿ ಬಿಟ್ಟವಳೇ ಟ್ರಂಕು ತೆರೆದು, ಒಳಗಿನದನ್ನೆಲ್ಲ ಪಡಸಾಲೆಗೆ ಎಳೆದು ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ನೋಡ ಬೇ ನಿಮ್ಮವ್ವನ ಕೆಲಸಾನ! ಮಂದಿ ಕೌದಿ ಅಂದ್ರ ಹಸಿವಿ ಇಲ್ಲ, ನಿದ್ದಿ ಇಲ್ಲ. ಮನಿ ಕೌದಿ ಅಂದ್ರ ನಾಳಿ ಮಾಡಿದ್ರಾತು, ನಾಡದ ಮಾಡಿದ್ರಾತು. ಈಗ ಮಗಳು ಏನ ಒಯ್ಯಬೇಕು, ಈ ಟ್ರಂಕ ಒಯ್ಯಬೇಕೇನ?"

ಬೈಯುತ್ತಲೇ ಅವಳು ಹಸಿರು ಸೀರೆಯ ಮೇಲೆ ಕೈಯಾಡಿಸಿದಳು. ಆಮೇಲೆ ಮೂಗು ಒರೆಸಿಕೊಂಡು, "ಇದ ಆಗತೈತಿ. ಇವತ್ತ ಕೂತು ಮುಗಿಸಿಬಿಡೂಣು" ಎಂದಳು.

ತವರಿನಿಂದ ಹೊರಟ ಹುಡುಗಿಯ ಜೊತೆ ಕೌದಿ ಹೋಗಲೇಬೇಕು. ಬರಿಗೈಯಲ್ಲಿ ಬಂದವಳನ್ನು ಗಂಡನ ಮನೆಯವರು ಆಡಿಕೊಳ್ಳುತ್ತಿದ್ದರು. ಅಷ್ಟು ನನಗೂ ಗೊತ್ತಿತ್ತು. ಆದರೆ ಅಕ್ಕನೂ ಹೋಗಿ, ಅವ್ವನ ಕೌದಿಯೂ ಹೋದರೆ ಆ ಮನೆಯಲ್ಲಿ ನನಗೆ ಏನು ಉಳಿಯುತ್ತದೆ? ನಾನು ಓಡಿಹೋಗಿ ಕೌದಿಯ ನಟ್ಟನಡುವೆ ಕೂತುಬಿಟ್ಟೆ.

"ಇದು ನಂದು. ಅಕಿ ಬ್ಯಾರೆ ಒಯ್ಯಲಿ."

"ಬ್ಯಾರೆ ಎಲ್ಲೈತಿ? ಏಳ ಬೇ, ಹಟಮಾರಿ" ಎಂದು ದೊಡ್ಡವ್ವ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಪ್ಪ ಶೆಡ್ಡಿನಿಂದ ತರುತ್ತಿದ್ದ ಉಳಿಕೆ ನೂಲನ್ನು ಹೊಸೆದು ಅವ್ವ ಮಾಡಿಟ್ಟಿದ್ದ ದಾರ ಅದು.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೌದಿಯ ಒಂದೊಂದು ಮೂಲೆಗೆ ಕೂತು ನಡುವಿನತ್ತ ಹೊಲಿಯುತ್ತ ಸರಿದರು. ಬಳೆ ಸದ್ದು, ನಗು, ಒಲೆಯ ಮೇಲೆ ಬೇಯುತ್ತಿದ್ದ ಕಡಲೆಬೇಳೆಯ ವಾಸನೆ, ಆಚೆ ಓಣಿಯಿಂದ ಮಗ್ಗಗಳ ಖಟಖಟ, ಎಲ್ಲವೂ ಸೇರಿ ಮನೆ ತುಂಬಿತ್ತು. ಅಷ್ಟು ಜನ ನಮ್ಮ ಮನೆಗೆ ಬಂದು ಬಹಳ ದಿನವಾಗಿತ್ತು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಒಂದೊಂದು ಸಾಲು ಬಿದ್ದಂತೆ ನನ್ನ ಕೈ ಜಾರುತ್ತಿದ್ದ ಜಾಗಗಳೆಲ್ಲ ಮುಚ್ಚಿಹೋಗುತ್ತಿದ್ದವು.

"ಬಾ, ನೀನೂ ಒಂದ ಸಾಲ ಹಾಕು" ಎಂದು ಅಕ್ಕ ಕರೆದಳು. ಮುಖ ಊದಿಸಿಕೊಂಡೇ ಹಾಕಿದೆ. ಪಕ್ಕದ ಮನೆಯ ಆಯಿ ಬಗ್ಗಿ ನೋಡಿ, "ಇದೇನ ಹೊಲಿಗಿ ಬೇ, ಕೋಳಿ ಕೆದರಿದಂಗ!" ಎಂದಳು. ಎಲ್ಲರೂ ನಕ್ಕರು. ನಾನು ಸೂಜಿ ಬಿಟ್ಟು ಹಿತ್ತಲಿಗೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಕೌದಿಯಲ್ಲಿ ಉಳಿದದ್ದು ಹೊಟ್ಟೆ ಮಾತ್ರ. ನಮ್ಮ ಕಡೆ ಕೌದಿಗೂ ಒಂದು ಹೊಟ್ಟೆ ಇರುತ್ತದೆ. ಸುತ್ತಲಿಂದ ಹೊಲಿಯುತ್ತ ಬಂದು ನಡುವೆ ಅಂಗೈಯಗಲ ಜಾಗ ಬಿಡುತ್ತಾರೆ. ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ತುಣುಕು ಇಟ್ಟು, ಮೇಲೆ ಬಟ್ಟೆ ಹಚ್ಚಿ ಮುಚ್ಚಿದರೆ ಕೌದಿ ಮುಗಿದಂತೆ. ಆ ಕೊನೆಯ ಹೊಲಿಗೆಯನ್ನು ಕೌದಿ ಒಯ್ಯುವವಳೇ ಹಾಕಬೇಕು. ಹೊಟ್ಟೆ ತುಂಬದ ಕೌದಿಯನ್ನು ಮನೆಯೊಳಗೆ ಹೊದ್ದರೆ ನಡೆಯುತ್ತದೆ, ಇನ್ನೊಂದು ಮನೆಗೆ ಒಯ್ಯುವಂತಿಲ್ಲ. ಒಯ್ದರೆ ಹಸಿವನ್ನೇ ಹೊತ್ತು ಹೋದಂತೆ.

ದೊಡ್ಡವ್ವ ಬಿಸಿ ಹೋಳಿಗೆಯ ಒಂದು ತುಣುಕು ಮುರಿದು ಬಟ್ಟಲಲ್ಲಿಟ್ಟು ಅಕ್ಕನ ಮುಂದೆ ಸರಿಸಿದಳು. "ಲಗೂನ ಹೊಟ್ಟಿ ತುಂಬಿ ಹೊಲದಬಿಡು. ಹೊಸ್ತಿಲಾ ದಾಟಿದ ಮ್ಯಾಲೆ ಹೊಳ್ಳಿ ಬಂದು ಸೂಜಿ ಮುಟ್ಟಬಾರದು."

"ಹೂಂ. ನೀ ಬುತ್ತಿ ಕಟ್ಟು ಹೋಗು, ನಾ ಮಾಡ್ತೀನಿ" ಎಂದಳು ಅಕ್ಕ.

ನಾನು ಹಿತ್ತಲಲ್ಲಿ ನೀರಿನ ತೊಟ್ಟಿಯ ಮಗ್ಗುಲಿಗೆ ಕೂತಿದ್ದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವಳ ಕೈಯಲ್ಲಿ ಬಟ್ಟಲಿತ್ತು.

"ಬಾಯಿ ತಗಿ."

"ನಾ ಒಲ್ಲೆ."

"ತಗಿ ಬೇ. ನಾಳಿಂದ ಯಾರ ಹಿಂಗ ಬೇಡಕೋತ ಕೂಡತಾರ ನಿನಗ?"

ಅದನ್ನು ಕೇಳಿ ಅಳು ಬಂತು. ಅಳಲು ಬಾಯಿ ತೆರೆದೆ, ಅವಳು ಹೋಳಿಗೆಯನ್ನು ಒಳಗಿಟ್ಟಳು. ಬೆಲ್ಲದ ಜೊತೆ ಕಣ್ಣೀರೂ ಸೇರಿ ಉಪ್ಪುಸಿಹಿಯಾಗಿ ಇಳಿಯಿತು. ಅಕ್ಕ ಸೆರಗಿನಿಂದ ನನ್ನ ಬಾಯಿ ಒರೆಸಿ, ಖಾಲಿ ಬಟ್ಟಲು ತೊಳೆದು, ಬೋರಲಾಗಿ ಇಟ್ಟು ಒಳಗೆ ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಭಾವ ಬಂದ. ಬಸ್ಸಿಗೆ ಹೊತ್ತಾಗುತ್ತದೆಂದು ಗಡಿಬಿಡಿ ಶುರುವಾಯಿತು. ಅಂದು ಶೆಡ್ಡಿನಿಂದ ಬೇಗ ಬಂದಿದ್ದ ಅಪ್ಪ ಮಡಿಚಿಟ್ಟ ಕೌದಿಯನ್ನು ಹೆಗಲ ಮೇಲೆ ಹೊತ್ತುಕೊಂಡ. ಅಕ್ಕ ಹೊಸ್ತಿಲು ದಾಟಿ ಅಂಗಳಕ್ಕಿಳಿದಳು. ಅಪ್ಪ ಅವಳ ಹಿಂದೆ ಕಾಲೆತ್ತಬೇಕು, ಅಷ್ಟರಲ್ಲಿ ಅವಳು ತಿರುಗಿ ನಿಂತಳು.

"ಕೌದಿ ಒಳಗ ಇಡಪ್ಪಾ. ಅದರ ಹೊಟ್ಟಿ ತುಂಬಿಲ್ಲ."

ದೊಡ್ಡವ್ವನ ಕೈಯಲ್ಲಿದ್ದ ಬುತ್ತಿ ಗಂಟು ಬೀಳುವುದರಲ್ಲಿತ್ತು. "ಏನಂದಿ? ತುಣುಕ ಇಟ್ಟ ಕೊಟ್ಟಿದ್ನೆಲ್ಲ!"

"ತಂಗಿಗೆ ತಿನ್ನಿಸಿದೆ."

"ಖೋಡಿ! ಬಾ ಒಳಗ. ಇನ್ನೊಂದ ತುಣುಕ ತರತೀನಿ, ನಾಕ ಹೊಲಿಗಿ ಹಾಕು."

"ಹೊಸ್ತಿಲಾ ದಾಟೇನಲ್ಲ ದೊಡ್ಡವ್ವಾ. ಹೊಳ್ಳಿ ಬಂದು ಸೂಜಿ ಮುಟ್ಟಬಾರದಂತ ನೀನ ಹೇಳಿದಿ."

ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಭಾವ, "ಇರ್ಲಿ ಬಿಡ್ರಿ, ನಮ್ಮ ಮನ್ಯಾಗೂ ಹೊದಿಕಿ ಅದಾವ್ರಿ" ಎಂದ.

"ಬರಿಗೈಲೆ ಬಂದ್ಲು ಅಂತ ನಿಮ್ಮವ್ವಾರು ಅನ್ನಾಂಗಿಲ್ಲೇನ್ರಿ?" ಎಂದಳು ದೊಡ್ಡವ್ವ.

ಭಾವ ಓಣಿಯ ಕಡೆ ನೋಡಿದ. ಅಕ್ಕನೇ, "ಅಂದ್ರ ನಾ ಕೇಳಸ್ಕೋತೀನಿ" ಎಂದಳು. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದ್ದರೆ ಅವಳಿಂದ ಹೋಗಲು ಆಗುತ್ತಿರಲಿಲ್ಲವೆಂದು ಈಗ ಅನಿಸುತ್ತದೆ. ಅಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಒಳಗೆ ಹೋಗಿ, ಕೌದಿಯನ್ನು ನಾನು ಮಲಗುವ ಜಾಗದಲ್ಲಿ ಇಟ್ಟು ಬಂದ. ಆಮೇಲೆ ಅವರ ಜೊತೆ ಬಸ್ಸಿನವರೆಗೆ ಹೋದ. ಬಾಗಿಲಲ್ಲಿ ನಿಂತು, ಅಕ್ಕನ ತಲೆಯ ಮೇಲಿನ ಸೆರಗು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ.

ಕೌದಿ ನನಗೆ ಉಳಿಯಿತು. ಅದಕ್ಕಾಗಿ ಬೆಳಿಗ್ಗೆಯಿಂದ ಹಟ ಹಿಡಿದಿದ್ದೆ. ಮಲಗುವ ಹೊತ್ತಿಗೆ ಹೊದ್ದು ನೋಡಿದೆ. ಈಗ ಅದರಲ್ಲಿ ನಡುವಿನ ಹೊಟ್ಟೆಯೊಂದು ಬಿಟ್ಟರೆ ಎಲ್ಲಿಯೂ ಕೈ ಜಾರುತ್ತಿರಲಿಲ್ಲ. ಬಲಬದಿಗೆ ಎಳೆದುಕೊಂಡರೆ ಎಡಬದಿ ಖಾಲಿ, ಎಡಬದಿಗೆ ಸರಿದರೆ ಬಲಬದಿ ಖಾಲಿ. ಕೌದಿ ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ.

ಮುಧೋಳದಲ್ಲಿ ಅಕ್ಕನಿಗೆ ಯಾರು ಏನೆಂದರೋ ಅವಳು ಎಂದೂ ಹೇಳಲಿಲ್ಲ. ಹಬ್ಬಕ್ಕೆ ಬಂದಾಗ ಕೇಳಬೇಕೆಂದುಕೊಳ್ಳುತ್ತಿದ್ದೆ, ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ಕೌದಿಯೂ ಹೊದ್ದು ಹೊದ್ದು ಸವೆದು, ಇನ್ನೊಂದು ಕೌದಿಯ ಒಳಪದರವಾಗಿ ಹೋಯಿತು.

ಮಕ್ಕಳೇ, ಜಮಖಂಡಿಯ ಈ ಮನೆಯಲ್ಲಿ ನಿಮ್ಮಿಬ್ಬರಿಗೂ ಬೇರೆ ಬೇರೆ ಮಂಚ ಇದೆ. ಹತ್ತಿಯಷ್ಟು ಹಗುರವಾದ, ಅಂಗಡಿಯಿಂದ ತಂದ ಹೊದಿಕೆಗಳಿವೆ. ಒಂದಕ್ಕೆ ನೀಲಿ ಹೂವು, ಒಂದಕ್ಕೆ ಹಳದಿ. ಅವು ಬಂದ ದಿನವೇ ಪೂರ್ತಿಯಾಗಿ ಬಂದವು. ಯಾರೂ ಅವುಗಳಿಗಾಗಿ ಸೂಜಿ ಹಿಡಿದು ಕೂರಲಿಲ್ಲ, ಅದು ಒಳ್ಳೆಯದೇ. ಯಾವುದು ಯಾರದೆಂದು ನೀವು ಮೊದಲ ದಿನ ಜಗಳವಾಡಿ ಹಂಚಿಕೊಂಡಿರಿ. ನಡುವೆ ಯಾರೂ ದಾಟಬಾರದೆಂದು ಗೆರೆ ಬೇರೆ ಎಳೆದಿರಿ.

ನಾನು ನಸುಕಿಗೇ ಏಳುತ್ತೇನೆ, ನಿಮಗೆ ಗೊತ್ತು. ನಿಮ್ಮ ಕೋಣೆಯ ಬಾಗಿಲು ಸ್ವಲ್ಪವೇ ತೆರೆದು ನೋಡುತ್ತೇನೆ. ಎಷ್ಟೋ ದಿನ ಹಳದಿ ಹೂವಿನದು ನೆಲದ ಮೇಲೆ ಬಿದ್ದಿರುತ್ತದೆ, ಆ ಮಂಚ ಖಾಲಿ ಇರುತ್ತದೆ. ನೀಲಿ ಹೂವಿನದರ ಕೆಳಗಿನಿಂದ ನಾಲ್ಕು ಪಾದಗಳು ಹೊರಗೆ ಕಾಣುತ್ತಿರುತ್ತವೆ. ನಾನು ಬಿದ್ದದ್ದನ್ನು ಮಡಿಚಿಡುವುದಿಲ್ಲ. ಮಡಿಚಿಟ್ಟರೆ ಅಜ್ಜಿ ನೋಡಿದಳೆಂದು ನಿಮಗೆ ತಿಳಿದುಬಿಡುತ್ತದೆ. ಬಾಗಿಲನ್ನು ಮೊದಲಿದ್ದಂತೆ ಮುಂದೆ ಮಾಡಿ, ಚಹಾಕ್ಕೆ ನೀರಿಡಲು ಹೋಗುತ್ತೇನೆ.